ಬೆನ್ನಿನ ಪಾತ್ರ

ನರಿನ್ ಊರಿನ ಸಂಸ್ಕೃತಿ ಭವನದಲ್ಲಿ ಹೀಟರು ಕೆಟ್ಟಿತ್ತು.
ಎಲ್ಲರೂ ಕೋಟು ಬಿಚ್ಚದೆ ಕೂತಿದ್ದೆವು.
ಅತ್ತೆ ಪೊಟ್ಟಣ ಬಿಚ್ಚಿ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದಳು.
ಪರದೆಯ ಮೇಲೆ ಒಂದು ಬೆನ್ನು ಬಂತು
ಕೆಂಪು ಕುಸ್ತಿಯಂಗಿಯ ಪಟ್ಟಿಗಳ ನಡುವೆ
ಬೆವರಿ, ಗುಡ್ಡದಷ್ಟು ಅಗಲವಾಗಿ.
ನನ್ನದು.
ಬೆನ್ನು ತಿರುಗಿತು:
ಮುಖ ಇನ್ನೊಬ್ಬಳದು.

ಅವಳ ಹೆಸರು ನಾಜಿಕ್. ಬಿಷ್ಕೆಕ್‌ನ ನಟಿ.
ಹೆಸರಿಗೆ ತಕ್ಕ ನಾಜೂಕು, ಮನಸ್ಸೂ ಒಳ್ಳೆಯದೇ,
ಹಿಡಿತ ಹೇಗೆಂದು ಕೇಳಿ ನನ್ನ ಬೆರಳುಗಳನ್ನು ಎಣಿಸಿದಳು,
ಮುರಿದು ಸೊಟ್ಟ ಕೂಡಿದ ಕಿರುಬೆರಳನ್ನು ಎರಡು ಸಲ.

ನಾಲ್ಕನೆಯ ಹೆಣ್ಣಾದ ನನಗೆ
ಅಪ್ಪ ಇಟ್ಟ ಹೆಸರು ಬುರುಲ್.
ಅಂದರೆ, ತಿರುಗು.
ದಾರಿ ತಿರುಗಲಿ, ಮುಂದಿನದು ಗಂಡಾಗಲಿ.
(ಆಗಲಿಲ್ಲ. ಐದನೆಯವಳು ಓಶ್‌ನಲ್ಲಿ ಹಲ್ಲಿನ ಡಾಕ್ಟರು.)
ಹನ್ನೊಂದು ದಿನ ಶೂಟಿಂಗ್.
ನಾನು ತಿರುಗುವ ಮೊದಲೇ ಪ್ರತಿ ಸಲ
'ಕಟ್' ಎನ್ನುತ್ತಿದ್ದ ನಿರ್ದೇಶಕ.

ಕೋಚ್ ಸಾಪರ್‌ಬೆಕ್ ಕಲಿಸಿದ್ದು ಎರಡೇ ಮಾತು:
ಬೆನ್ನು ತೋರಿಸಬೇಡ,
ಬೆನ್ನನ್ನು ನೆಲಕ್ಕೆ ಕೊಡಬೇಡ.
ಸಿನಿಮಾದವರು ದಿನಕ್ಕೆ ಮೂರು ಸಾವಿರ ಸೋಮ್ ಕೊಟ್ಟು
ಮೊದಲನೆಯದನ್ನು ಕೊಂಡರು.

ಚಿತ್ರದಲ್ಲಿ ನಾವು ಬೆಟ್ಟದ ಮೇಲೆ
ಬಿಳಿ ಉಣ್ಣೆಯ ಡೇರೆಯಲ್ಲಿ ಇರುತ್ತೇವೆ.
ಬಾಗಿಲಲ್ಲಿ ಹದ್ದು. ಒಲೆಯ ಹತ್ತಿರ ಅತ್ತೆ,
ಸೊಸೆಯ ಕುಸ್ತಿ ಬೂಟನ್ನು ಬೆಂಕಿಗೆ ಹಾಕುತ್ತಾಳೆ.
ಅಪ್ಪನ ಕಣ್ಣಲ್ಲಿ ನೀರು, ಅಪ್ಪನ ಮಾನಕ್ಕಾಗಿ ಚಿನ್ನ,
ಕೊನೆಗೆ ಕೊರಳಲ್ಲಿ ಪದಕ, ತಲೆಗೆ ಸೊಸೆಯ ಬಿಳಿ ವಸ್ತ್ರ,
ಎರಡೂ ಒಂದೇ ಚೌಕಟ್ಟಿನಲ್ಲಿ.
ಊರಿಗೆ ಊರೇ ಚಪ್ಪಾಳೆ ತಟ್ಟಿತು. ನಾನೂ.

ನಾವಿರುವುದು ಮೂರನೆಯ ಮಹಡಿ, ಲಿಫ್ಟಿಲ್ಲ.
ಹದ್ದನ್ನು ನಾನು ಮುಟ್ಟಿದ್ದು ಶೂಟಿಂಗಿನಲ್ಲೇ.
ಅತ್ತೆ ಬ್ರೆಡ್ ಕಾರ್ಖಾನೆಯಲ್ಲಿ ಲೆಕ್ಕ ಬರೆದವಳು,
'ನಾನು ಯಾರ ಬೂಟನ್ನು ಸುಟ್ಟಿದ್ದೆ?' ಎಂದು
ಕತ್ತಲಲ್ಲೇ ಜೋರಾಗಿ ಕೇಳಿದಳು.
ಮುಂದಿನ ಸಾಲಿನವರು ತಿರುಗಿ ನೋಡಿದರು.

ಬೂಟನ್ನು ಯಾರೂ ಸುಡಲಿಲ್ಲ.
ಮಗು ಹುಟ್ಟಿದ ಚಳಿಗಾಲ
ನಾನೇ ಅದನ್ನು ಬಾಲ್ಕನಿಗೆ ಒಯ್ದು
ಆಲೂಗಡ್ಡೆ ಚೀಲದ ಹಿಂದೆ ಇಟ್ಟೆ.
ಬಂದ ನೆಂಟರಿಗೆ ಚಹ ಬಗ್ಗಿಸಬೇಕಿತ್ತು, ಹಾಲು ಕಾಯಿಸಬೇಕಿತ್ತು.
ಬೇಡವೆಂದು ಯಾರೂ ಕೂಗಾಡಲಿಲ್ಲ.
ಕೂಗಾಡಿದ್ದರೆ
ಪಟ್ಟು ಹಾಕಲು ಒಂದು ಸೊಂಟವಾದರೂ ಸಿಗುತ್ತಿತ್ತು.

ಸಿನಿಮಾ ಮುಗಿದ ಮೇಲೆ ನಿರ್ದೇಶಕ ಮನೆಗೆ ಬಂದ.
ಮಾಸ್ಕೋದಲ್ಲಿ ಬೆಳೆದವನು,
ನಮ್ಮ ಪದ್ಧತಿಗಳನ್ನು ನಮಗೇ ವಿವರಿಸಿದ.
ನಾನು ರೂಢಿಯಂತೆ ಬಟ್ಟಲಿಗೆ ಅರ್ಧವೇ ಚಹ ಹಾಕಿದೆ:
ಅರ್ಧ ಅಂದರೆ ಇರು, ಇನ್ನಷ್ಟು ಹೊತ್ತು ಕೂತಿರು,
ಮತ್ತೆ ಮತ್ತೆ ಬಗ್ಗಿಸಿಕೊಡುತ್ತೇನೆ ಎಂದು.
ಎರಡನೆಯ ಸಲಕ್ಕೆ ಅತ್ತೆ
ನನ್ನ ಕೈಯಿಂದ ಕೆಟಲ್ ತೆಗೆದುಕೊಂಡಳು.
ಸೊಸೆಯಿರುವ ಮನೆಯಲ್ಲಿ ಅತ್ತೆ ಚಹ ಹಾಕುವುದುಂಟೆ?
ಹಾಕಿದಳು. ಅಂಚಿನವರೆಗೆ.
ಇನ್ನೊಂದು ಹನಿಗೆ ಚೆಲ್ಲುವಷ್ಟು.

ತುಂಬಿದ ಬಟ್ಟಲು ಅಂದರೆ, ಎದ್ದು ಹೊರಡು.
ಅವನು ಎಷ್ಟು ಉದಾರ ಜನ ಎಂದು
ಅದರ ಫೋಟೊ ತೆಗೆದುಕೊಂಡ.

ಅವನು ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ.
ಹಿಂದಿನಿಂದ ಬಂದು ಅತ್ತೆ
ಎಡಭುಜದ ಕೆಳಗೆ ಬೆರಳಿಟ್ಟಳು.
ಭಾನುವಾರದ ಸ್ನಾನದ ಮನೆಯಲ್ಲಿ
ನನ್ನ ಬೆನ್ನುಜ್ಜುವವಳು ಅವಳೇ.
'ಇಲ್ಲೊಂದು ಮಚ್ಚೆ ಇದೆ, ಹುಣಸೆ ಬೀಜದಷ್ಟು,' ಎಂದಳು,
'ಅದನ್ನು ಅಳಿಸಿಬಿಟ್ಟಿದ್ದಾರೆ.'

ನನಗೆ ಗೊತ್ತಿರಲಿಲ್ಲ.
ನಲ್ಲಿ ನಿಲ್ಲಿಸಿ,
ತಿರುಗಿದೆ.